ನವಿಲುಗರಿಯ ನೊಣ

ಹೂ ಕಟ್ಟುವುದು, ರವಿಕೆಗೆ ಹುಕ್ಕು ಹಾಕುವುದು, ಸೀರೆ ಸೆರಗಿಗೆ ಕುಚ್ಚು ಕಟ್ಟುವುದು, ಈ ಮೂರು ಕೆಲಸದಲ್ಲಿ ಅರಸೀಕೆರೆಯ ನಮ್ಮ ಬೀದಿಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನನಗೊಂದು ಜಂಬವಿತ್ತು. ಆ ಜಂಬ ಮುರಿದದ್ದು ಒಂದು ನೊಣದಿಂದ. ಅದೂ ನಿಜವಾದ ನೊಣವಲ್ಲ, ಮೀನಿಗೆ ಮೋಸ ಮಾಡಲೆಂದು ದಾರದಲ್ಲಿ ಕಟ್ಟುವ ನೊಣ! ಮೀನು-ಮಾಂಸ ಮುಟ್ಟದ ಮನೆಯವಳಿಗೆ ಇದೆಲ್ಲಿಂದ ಗಂಟುಬಿತ್ತು ಎಂದು ನೀವು ಹುಬ್ಬೇರಿಸುವುದು ಸಹಜವೇ. ಸ್ವಲ್ಪ ತಾಳಿ, ಹೇಳುತ್ತೇನೆ.

2018ರ ಡಿಸೆಂಬರಿನಲ್ಲಿ ನಾನು ಅಮೆರಿಕದ ಕೊಲೊರಾಡೊ ಪ್ರಾಂತ್ಯಕ್ಕೆ, ನನ್ನ ತಂಗಿಯ ಮನೆಗೆ ಹೋಗಿದ್ದೆ. ಬಾಣಂತನಕ್ಕೆಂದು ಟಿಕೆಟ್ಟು ಮೂರು ತಿಂಗಳು ಮೊದಲೇ ತೆಗೆದಿತ್ತು. ನಾನು ಹೊರಡಲು ಹದಿನೆಂಟು ದಿನ ಇರುವಾಗ, ಎಂಟನೇ ತಿಂಗಳಲ್ಲಿ, ಮಗು ಹೊಟ್ಟೆಯಲ್ಲೇ ಹೋಯಿತು. "ಟಿಕೆಟ್ಟು ರದ್ದು ಮಾಡಿಸಲೇ?" ಎಂದರು ನಮ್ಮ ಯಜಮಾನರು. "ಹೋಗಬೇಕಾದ್ದು ಈಗಲೇ ಅಲ್ಲವೇನ್ರೀ" ಎಂದೆ. ಅಮ್ಮ ಹೋದ ಮೇಲೆ ಅವಳಿಗೆ ತಾಯಿ ಅಂತ ಇರುವುದು ನಾನೊಬ್ಬಳೇ. ಪೆಟ್ಟಿಗೆಯಲ್ಲಿ ಅಂಟಿನುಂಡೆ, ಬಾಣಂತಿ ಪುಡಿ, ಕೊಬ್ಬರಿ ಎಲ್ಲ ಹಾಗೇ ಇಟ್ಟುಕೊಂಡೆ. ಮಗು ಉಳಿಯಲಿ ಬಿಡಲಿ, ಹೆತ್ತ ಮೈ ಹೆತ್ತ ಮೈಯೇ. ನಾನು ಹೊಲಿದಿದ್ದ ಹಳೇ ಪಂಚೆಯ ಜುಬ್ಬಲಗಳನ್ನು ಮಾತ್ರ ತೆಗೆದಿಟ್ಟೆ. ಆದರೂ ಒಂದು ಹಸಿರು ಕುಲಾವಿ ಅದು ಹೇಗೋ ಸೀರೆಗಳ ನಡುವೆ ಬಂದುಬಿಟ್ಟಿತ್ತು.

ಮನೆ ಡೆನ್ವರ್ ಊರಿನ ಹೊರಗೆ. ಹೊರಗೆಲ್ಲ ಹಿಮ, ಒಳಗೆ ಅದಕ್ಕಿಂತ ತಣ್ಣಗೆ. ತಂಗಿ ಮೇಲಿನ ಕೋಣೆಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ಅವಳ ಗಂಡ ಕೆಲಸದಿಂದ ಬಂದವರೇ ಒಂದು ತುತ್ತು ತಿಂದು ನೆಲಮಾಳಿಗೆಗೆ ಇಳಿದರೆ ಮಧ್ಯರಾತ್ರಿವರೆಗೂ ಅಲ್ಲೇ. ಇಬ್ಬರ ನಡುವೆ ಮಾತು ಎಂದರೆ "ಔಷಧಿ ತಗೊಂಡೆಯಾ?" "ಹೂಂ", ಅಷ್ಟೇ.

"ಕೆಳಗೆ ಏನೇ ಮಾಡ್ತಾರೆ ಅವರು?" ಎಂದು ಕೇಳಿದೆ.

"ನೊಣ ಕಟ್ಟುತ್ತಾರೆ. ಮಗು ಹೋದ ಮೂರನೇ ದಿನಾನೂ ಕಟ್ಟುತ್ತಾ ಕೂತಿದ್ದರು ಅಕ್ಕ. ಒಂದು ತೊಟ್ಟು ಕಣ್ಣೀರು ಹಾಕಲಿಲ್ಲ" ಎಂದಳು.

ನನಗೂ ಸಿಟ್ಟು ಬಂತು. ನಾಲ್ಕು ಮಾತು ಆಡಿಯೇಬಿಡಬೇಕು ಎಂದು ಕಾಫಿ ಲೋಟದ ನೆಪ ಮಾಡಿಕೊಂಡು ಕೆಳಗಿಳಿದೆ. ಮೇಜಿನ ಮೇಲೆ ಭೂತಗನ್ನಡಿ ಸಿಕ್ಕಿಸಿದ ದೀಪ. ಅದರಡಿ ಪುಟ್ಟ ಇಕ್ಕಳದ ಬಾಯಲ್ಲಿ ಏನೋ ಹೊಳೆಯುತ್ತಿತ್ತು. ಗಾಳದ ಕೊಕ್ಕೆ! ಎರಡು ಸಾಸಿವೆ ಕಾಳು ಜೋಡಿಸಿದರೆ ಎಷ್ಟೋ ಅಷ್ಟೇ ಉದ್ದ. ಅದಕ್ಕೆ ಅವರು ದಾರ ಸುತ್ತಲು ನೋಡುತ್ತಿದ್ದರು, ಆಗುತ್ತಿರಲಿಲ್ಲ. ಕೈ ನಡುಗುತ್ತಿತ್ತು. ದಾರ ತುಂಡಾಯಿತು. ಮತ್ತೆ ಸುತ್ತಿದರು, ಮತ್ತೆ ತುಂಡಾಯಿತು. ಆಡಬೇಕೆಂದಿದ್ದ ಮಾತು ನನ್ನ ಗಂಟಲಲ್ಲೇ ಉಳಿಯಿತು. "ಕೊಡಿ ಇಲ್ಲಿ" ಎಂದು ಪಕ್ಕದ ಕುರ್ಚಿ ಎಳೆದುಕೊಂಡೆ.

ಹೀಗೆ ಶುರುವಾಯಿತು ನನ್ನ ಪಾಠ.

ಟ್ರೌಟ್ ಎಂಬುದು ತಣ್ಣೀರಿನ ಮೀನು. ನಮ್ಮ ನೀಲಗಿರಿಯ ಅವಲಾಂಚಿಯಲ್ಲೂ ಇದೆ, ಬ್ರಿಟಿಷರು ತಂದು ಬಿಟ್ಟದ್ದು. ಇದು ನೀರಲ್ಲಿ ಹುಟ್ಟುವ ಹುಳುಹುಪ್ಪಟೆಗಳನ್ನು ತಿಂದು ಬದುಕುತ್ತದೆ. ಆ ಹುಳುವಿನ ಹಾಗೆ ಕಾಣುವಂತೆ ಕೊಕ್ಕೆಗೆ ಗರಿ, ರೋಮ, ದಾರ ಸುತ್ತಿ ಮಾಡಿದ್ದೇ 'ಫ್ಲೈ', ಅಂದರೆ ನೊಣ. ಮುಳುಗದೆ ನೀರ ಮೇಲೆ ತೇಲುವಂಥದು 'ಡ್ರೈ ಫ್ಲೈ', ಒಣ ನೊಣ. ಚಳಿಗಾಲದಲ್ಲಿ ಬೇರೆ ಹುಳುಗಳು ಅಪರೂಪ. ಗುಂಗುರಿನಂಥ ಒಂದು ಸಣ್ಣ ಜೀವಿ ಮಾತ್ರ ಹಿಮ ಬೀಳುವ ದಿನಗಳಲ್ಲೂ ನೀರಿನಿಂದ ಎದ್ದು ಹಾರುತ್ತದಂತೆ. ಸೊಳ್ಳೆಯ ದಾಯಾದಿ, ಆದರೆ ಪಾಪ, ಕಚ್ಚುವುದಿಲ್ಲ. ಅದು ಅಷ್ಟು ಸಣ್ಣದಾದ್ದರಿಂದಲೇ ಚಳಿಗಾಲದ ನೊಣವನ್ನೂ ಅಷ್ಟು ಸಣ್ಣಗೆ ಕಟ್ಟಬೇಕು. ಕೊಕ್ಕೆಯ ನಂಬರು 20, 22, 24. ನಮ್ಮ ಕೈಹೊಲಿಗೆ ಸೂಜಿಯ ಹಾಗೆಯೇ, ನಂಬರು ಹೆಚ್ಚಿದಷ್ಟೂ ಮಾಲು ಸಣ್ಣ. ಇದೊಂದು ಮಾತ್ರ ನನಗೆ ಹೇಳಿಕೊಡಬೇಕಾಗಲಿಲ್ಲ!

ನಾವು ಕಟ್ಟುತ್ತಿದ್ದುದರ ಹೆಸರು 'ಗ್ರಿಫಿತ್ಸ್ ನ್ಯಾಟ್'. 1959ರಲ್ಲಿ ಮಿಷಿಗನ್ ಪ್ರಾಂತ್ಯದಲ್ಲಿ ಟ್ರೌಟ್ ಮೀನಿನ ಹೊಳೆಗಳನ್ನು ಕಾಪಾಡಲೆಂದು 'ಟ್ರೌಟ್ ಅನ್‌ಲಿಮಿಟೆಡ್' ಎಂಬ ಸಂಘ ಕಟ್ಟಿದವರಲ್ಲಿ ಒಬ್ಬರಾದ ಜಾರ್ಜ್ ಗ್ರಿಫಿತ್ ಎಂಬವರ ಹೆಸರು ಅದಕ್ಕೆ. ಬೇಕಾಗುವ ಸಾಮಾನು ಎರಡೇ. ಒಂದು, ಬಿಳಿ-ಕಪ್ಪು ಪಟ್ಟೆಯ ಹುಂಜದ ಕತ್ತಿನ ಗರಿ. ಇನ್ನೊಂದು ಏನು ಹೇಳಿ ನೋಡೋಣ? ನವಿಲುಗರಿ!

ಆ ಡಬ್ಬಿ ತೆರೆದಾಗ ನನಗೆ ಒಂದು ಕ್ಷಣ ಮಾತೇ ಹೊರಡಲಿಲ್ಲ. ಪ್ರೈಮರಿ ಸ್ಕೂಲಿನಲ್ಲಿ ನಾನೂ ತಂಗಿಯೂ ಒಂದು ನವಿಲುಗರಿಯನ್ನು ಪುಸ್ತಕದೊಳಗೆ ಇಟ್ಟು, ಅದರ ಹೊಟ್ಟೆಗೆಂದು ಪೆನ್ಸಿಲ್ ಹೆರೆದ ಚೂರು ಹಾಕಿ, ಮರಿ ಹಾಕುತ್ತದೆ ಎಂದು ದಿನಾ ತೆರೆದು ನೋಡುತ್ತಿದ್ದೆವು. ನೀವೂ ಇಟ್ಟಿರುತ್ತೀರಿ. ಅದನ್ನು ಅವರಿಗೆ ಹೇಳಲು ಹೋಗಿ, 'ಮರಿ' ಎಂಬ ಮಾತು ಬಂದೊಡನೆ ನಿಲ್ಲಿಸಿದೆ.

ಕಟ್ಟುವ ಬಗೆ ಕೇಳಿ. ಮೊದಲು ಕೊಕ್ಕೆಯ ಬೆನ್ನಿಗೆ ದಾರ ಸುತ್ತಬೇಕು, ಒಂದೇ ಪದರ. ಕೊಕ್ಕೆ ಬಾಗುವ ಜಾಗದಲ್ಲಿ ಹುಂಜದ ಗರಿಯ ತುದಿ ಕಟ್ಟಿ ಬಿಡಬೇಕು. ಅಲ್ಲಿಗೇ ನವಿಲುಗರಿಯ ಒಂದೆರಡು ಎಳೆ ಸೇರಿಸಬೇಕು. ನವಿಲೆಳೆ ಬಲು ನಾಜೂಕು, ಎಳೆದರೆ ಪಟ್ಟನೆ ತುಂಡು. ಅದಕ್ಕೆ ದಾರದ ಜೊತೆ ಹುರಿ ಮಾಡಿಕೊಂಡು ಮುಂದಕ್ಕೆ ಸುತ್ತಬೇಕು. ಅದೇ ನೊಣದ ಮೈ. ಅದರ ಮೇಲೆ ಹುಂಜದ ಗರಿಯನ್ನು ಮಲ್ಲಿಗೆ ಬಳ್ಳಿ ಕಂಬಕ್ಕೆ ಹಬ್ಬಿದ ಹಾಗೆ ಐದಾರು ಸುತ್ತು ತಂದರೆ ಎಳೆಗಳು ಮುಳ್ಳುಮುಳ್ಳಾಗಿ ನಿಲ್ಲುತ್ತವೆ. ಆ ಮುಳ್ಳಿನ ಮೇಲೆಯೇ ನೊಣ ನೀರಲ್ಲಿ ತೇಲುವುದು. ಕೊನೆಗೆ ದಾರದ ಮೇಲೆ ದಾರ ಹಾಯಿಸಿ ಗಂಟು.

ಬರೆದಷ್ಟು ಸುಲಭವಲ್ಲ ಕಣ್ರೀ. ನನ್ನ ಮೊದಲನೆಯದು ನೊಣದ ಹಾಗಲ್ಲ, ಹಲಸಿನಕಾಯಿಯ ಹಾಗೆ ಕಂಡಿತು. ಎರಡನೆಯದರಲ್ಲಿ ಕೊಕ್ಕೆಯ ಕಣ್ಣೇ ಮುಚ್ಚಿಹೋಯಿತು. ಕಣ್ಣಿನ ಹಿಂದೆ ಎರಡು ಸುತ್ತಿನ ಜಾಗ ಮೊದಲೇ ಬಿಟ್ಟುಕೊಳ್ಳಬೇಕಂತೆ, ಹೊಸಬರೆಲ್ಲ ಎಡವುವುದು ಅಲ್ಲೇ ಅಂತೆ. "ಒಂದು ಸುತ್ತು ಸಾಕಾದಲ್ಲಿ ಎರಡು ಸುತ್ತಬೇಡಿ ಅಕ್ಕ" ಎನ್ನುತ್ತಿದ್ದರು. ನಮ್ಮದೋ, ಜಡೆಗೆ ನಿಲ್ಲಲಿ ಎಂದು ಬಿಗಿಬಿಗಿಯಾಗಿ ಕಟ್ಟುವ ಕೈ. ಹಗುರ ಮಾಡಲು ನನಗೆ ನಾಲ್ಕು ರಾತ್ರಿ ಬೇಕಾಯಿತು. ಚಾಳೀಸು ಹಾಕಿಕೊಳ್ಳಲು ಒಪ್ಪದೆ ಎರಡು ವರ್ಷ ಹಟ ಮಾಡಿದ್ದವಳು, ಐದನೇ ದಿನ ಅಂಗಡಿಗೆ ಹೋಗಿ ಕೊಂಡುಕೊಂಡೆ.

ಆ ಹುಂಜದ ಗರಿಗೂ ಒಂದು ಕತೆಯಿದೆ. ಕೊಲೊರಾಡೊದ ಡೆಲ್ಟಾ ಎಂಬಲ್ಲಿ ವೈಟಿಂಗ್ ಫಾರ್ಮ್ಸ್ ಎಂಬವರು ಇದಕ್ಕೆಂದೇ ಹುಂಜ ಸಾಕುತ್ತಾರೆ. ತಲೆಮಾರುಗಳಿಂದ ಆರಿಸಿ ಆರಿಸಿ ಉದ್ದನೆಯ, ಸಪೂರ ಗರಿಯ ತಳಿ ಮಾಡಿದ್ದಾರೆ. 2011ರಲ್ಲಿ ಅಲ್ಲಿನ ಹುಡುಗಿಯರಿಗೆ ಇದೇ ಗರಿಯನ್ನು ಕೂದಲಿಗೆ ಸಿಕ್ಕಿಸಿಕೊಳ್ಳುವ ಫ್ಯಾಷನ್ ಹತ್ತಿ, ಬೆಲೆ ಆಕಾಶಕ್ಕೇರಿ, ಮೀನು ಹಿಡಿಯುವ ಗಂಡಸರೆಲ್ಲ ಗೋಳಾಡಿದರಂತೆ. ನನಗಂತೂ ಒಳಗೊಳಗೇ ಖುಷಿಯಾಯಿತು!

ಆದರೆ ಈ ಕೆಲಸದ ಬಗ್ಗೆ ನನ್ನ ಮನಸ್ಸು ಪೂರ್ತಿ ಒಪ್ಪಿದೆ ಎಂದು ತಿಳಿಯಬೇಡಿ. ಅವರೂ ಮೀನು ತಿನ್ನುವವರಲ್ಲ. ಹಿಡಿದು ನೀರಿಗೇ ಬಿಡುತ್ತಾರೆ. ಕೊಕ್ಕೆಯ ಒಳಮುಳ್ಳನ್ನೂ ಅದುಮಿ ಹಾಕಿರುತ್ತಾರೆ, ಬಿಡಿಸಲು ಸುಲಭವಾಗಲಿ ಎಂದು. "ತಿನ್ನೋದಿಲ್ಲ ಅಂದ ಮೇಲೆ ಹಿಡಿಯೋದು ಯಾಕೆ? ಅದಕ್ಕೆ ನೋಯೋದಿಲ್ಲವೇ?" ಎಂದು ನೇರವಾಗಿ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೋಯುತ್ತದೋ ಏನೋ ಅಕ್ಕ" ಎಂದರು. ಹೊಟ್ಟೆಗಾಗಿ ಹಿಡಿಯುವುದು ನನಗೆ ಅರ್ಥವಾಗುತ್ತದೆ, ಇದು ಇವತ್ತಿಗೂ ಅರ್ಥವಾಗಿಲ್ಲ. ಸ್ಕಾಟ್‌ಲೆಂಡಿನ ಬ್ರೋರಾ ಊರಿನ ಹತ್ತಿರ ಮೇಗನ್ ಬಾಯ್ಡ್ ಎಂಬ ಹೆಂಗಸಿದ್ದರಂತೆ. ಸಾಲ್ಮನ್ ಮೀನಿಗೆ ನೊಣ ಕಟ್ಟುವುದರಲ್ಲಿ ಲೋಕಪ್ರಸಿದ್ಧರು. 1971ರಲ್ಲಿ ಬ್ರಿಟಿಷ್ ಸರ್ಕಾರದ ಪದಕ ಬಂತು. ಕಣ್ಣು ಮಂಜಾಗುವವರೆಗೂ ಕಟ್ಟಿದರು, 2001ರಲ್ಲಿ ತೀರಿಕೊಂಡರು. ಆಕೆ ತಾನು ಮಾತ್ರ ಮೀನು ಹಿಡಿಯುತ್ತಿರಲಿಲ್ಲ. ಆಕೆಯ ವಿಷಯ ಕೇಳಿದ ಮೇಲೆ ನನಗೆ ಕೊಂಚ ಸಮಾಧಾನವಾಯಿತು, ನನ್ನ ಪಂಗಡದವರು ಒಬ್ಬರಾದರೂ ಇದ್ದಾರಲ್ಲ ಎಂದು.

ಒಂದು ರಾತ್ರಿ, ನಾನು ಕೇಳದೆಯೇ, ಅವರು ಹೇಳಿದರು: "ಇದನ್ನ ಕಟ್ಟುವಾಗ ಸುತ್ತು ಎಣಿಸಬೇಕು. ಎಣಿಸುವಾಗ ಬೇರೆ ಏನೂ ನೆನಪಾಗೋದಿಲ್ಲ. ನಿಲ್ಲಿಸಿದರೆ ಆಸ್ಪತ್ರೆಯಲ್ಲಿ ನನ್ನ ಕೈಗೆ ಕೊಟ್ಟರಲ್ಲ ಅಕ್ಕ, ಆ ತೂಕ ಬರುತ್ತೆ ಕೈಗೆ." ತಂಗಿಗೆ ಆಗ ಪ್ರಜ್ಞೆ ಇರಲಿಲ್ಲವಂತೆ. ಎತ್ತಿಕೊಂಡವರು ಇವರೊಬ್ಬರೇ. ಇದನ್ನು ಅವಳಿಗೆ ಹೇಳಿಲ್ಲವೇ ಎಂದೆ. ತಲೆಯಾಡಿಸಿದರು. ನಾನು ಹೇಳಲೇ ಎಂದು ಕೇಳಬೇಕೆನಿಸಿತು. ಆದರೆ ಗಂಡಹೆಂಡಿರ ನಡುವಿನ ಮಾತನ್ನು ಮೂರನೆಯವರು ಒಯ್ದರೆ ಅದು ಚಾಡಿಯಾಗುತ್ತದೆಯೇ ಹೊರತು ಮಾತಾಗುವುದಿಲ್ಲ. ಸುಮ್ಮನಾದೆ. ಅಂಟಿನುಂಡೆಯ ಡಬ್ಬಿ ಮುಂದಿಟ್ಟೆ.

ಜನವರಿಯಲ್ಲಿ ಒಂದು ಭಾನುವಾರ ಬಿಸಿಲು ಬಿತ್ತು. ಹೊಳೆಗೆ ಹೋಗೋಣ ಎಂದರು. ತಂಗಿಯನ್ನು ನಾನೇ ಒತ್ತಾಯ ಮಾಡಿ, ಶಾಲು ಹೊದಿಸಿ, ಕಾರಿನಲ್ಲಿ ಕೂರಿಸಿದೆ. ಸೌತ್ ಪ್ಲಾಟ್ ಎಂಬ ನದಿ, ಡೆಕರ್ಸ್ ಎಂಬ ಪುಟ್ಟ ಊರು. ಅದಕ್ಕಿಂತ ಮೇಲೆ 1905ರಲ್ಲಿ ಮುಗಿಸಿದ ಚೀಸ್‌ಮನ್ ಅಣೆಕಟ್ಟೆ ಇದೆ. ಕಟ್ಟೆಯ ತಳದ ನೀರು ಬರುವುದರಿಂದ ಎಂಥ ಚಳಿಯಲ್ಲೂ ಹೊಳೆ ಅಲ್ಲಿ ಪೂರ್ತಿ ಹೆಪ್ಪುಗಟ್ಟುವುದಿಲ್ಲವಂತೆ. ಸುತ್ತ ಗುಡ್ಡಗಳಲ್ಲಿ ಸುಟ್ಟ ಮರದ ಬೊಡ್ಡೆಗಳು, 2002ರ ದೊಡ್ಡ ಕಾಡ್ಗಿಚ್ಚಿನವು.

ಬೆಳಿಗ್ಗೆ ಬೇಗ ಹೋಗಿ ಪ್ರಯೋಜನವಿಲ್ಲ. ಚಳಿಗಾಲದಲ್ಲಿ ಗುಂಗುರು ಏಳುವುದು ಮಧ್ಯಾಹ್ನದ ಬೆಚ್ಚನೆ ಹೊತ್ತಿನಲ್ಲಿ. ಹನ್ನೆರಡು ಗಂಟೆಯಾಗುತ್ತಲೂ ನೀರಿನ ಮೇಲೆ ಬೂದಿ ಉದುರಿಸಿದ ಹಾಗೆ ಎದ್ದವು. ಕೋಲಿನ ಬಳೆಗಳಲ್ಲಿ ದಾರ ಹಿಮಗಟ್ಟುತ್ತಿತ್ತು, ಆಗಾಗ ನೀರಲ್ಲಿ ಅದ್ದಿ ಬಿಡಿಸಿಕೊಳ್ಳುತ್ತಿದ್ದರು. ನೊಣ ಕಟ್ಟುವ ತುದಿದಾರ ಮಿಲಿಮೀಟರಿನ ಹತ್ತನೇ ಒಂದು ಭಾಗ ದಪ್ಪ. ನನ್ನ ನೊಣವನ್ನೇ ಕಟ್ಟಿದರು. ಮೊದಲ ಸಲ ಒಂದು ಮೀನು ಮೂತಿ ತಂದು ನೋಡಿ, ತಿರುಗಿ ಹೋಯಿತು. ಹೆಣ್ಣು ನೋಡಲು ಬಂದ ಗಂಡಿನ ಕಡೆಯವರ ಹಾಗೆ! ಕಾರಿನ ಕಿಟಕಿ ಇಳಿಸಿದ ತಂಗಿ, "ನಿನ್ನ ನೊಣ ದಪ್ಪ ಆಯ್ತು ಕಣೇ ಅಕ್ಕ" ಎಂದಳು. ನಾನು ಹೋದಂದಿನಿಂದ ಅವಳಾಗಿಯೇ ಆಡಿದ ಮೊದಲ ಮಾತು ಅದು.

ಐದಾರು ಸಲ ಬಿಟ್ಟ ಮೇಲೆ ಒಂದು ಹಿಡಿಯಿತು. ಗೇಣುದ್ದ, ಮೈಮೇಲೆ ಕೆಂಪು-ಕಪ್ಪು ಚುಕ್ಕಿ. ಅವರು ಕೈ ನೀರಲ್ಲಿ ನೆನೆಸಿಕೊಂಡು, ಮೀನನ್ನು ಮೇಲೆತ್ತದೆ ನೀರಿನಲ್ಲೇ ಹಿಡಿದರು. ಆ ಚಳಿಗೆ ಎತ್ತಿದರೆ ಕಿವಿರು ಹೆಪ್ಪುಗಟ್ಟುತ್ತದಂತೆ. ಕೊಕ್ಕೆ ಬಿಡಿಸಿದರು. ಎರಡು ಅಂಗೈಯ ಮೇಲೆ ಅದು ಸ್ವಲ್ಪ ಹೊತ್ತು ಹಾಗೇ ನಿಂತಿತು, ಆಮೇಲೆ ಹೋಯಿತು. ಅದು ಹೋದ ಮೇಲೂ ಅವರು ಬಗ್ಗಿಯೇ ಇದ್ದರು, ಖಾಲಿ ಕೈ ನೀರೊಳಗೆ. ಹೆಗಲು ಅಲುಗುತ್ತಿತ್ತು.

ತಂಗಿ ನೋಡಿದಳು. ನನ್ನನ್ನು ಏನೂ ಕೇಳಲಿಲ್ಲ. ಕಾರಿನಿಂದಿಳಿದು ಹಿಮದಲ್ಲಿ ಕಾಲು ಊರುತ್ತಾ ದಡಕ್ಕೆ ಹೋದಳು. ನಾನು ಕಿಟಕಿ ಏರಿಸಿಕೊಂಡು ಒಳಗೇ ಕೂತೆ. ಇಬ್ಬರೂ ಬಹಳ ಹೊತ್ತು ಅಲ್ಲಿದ್ದರು. ಏನು ಮಾತಾಡಿದರೋ, ನನಗೆ ಕೇಳಿಸಲಿಲ್ಲ. ಫ್ಲಾಸ್ಕಿನ ಕಾಫಿ ತಣ್ಣಗಾಯಿತು.

ನಾನು ಹೊರಡುವ ಹಿಂದಿನ ರಾತ್ರಿ ತಂಗಿ ನೆಲಮಾಳಿಗೆಗೆ ಬಂದು ನಮ್ಮ ಜೊತೆ ಕೂತಳು. ಎಳೆ ತೆಗೆದು ಬೋಳಾದ ನವಿಲುಗರಿಯಲ್ಲಿ ಕಣ್ಣೊಂದು ಉಳಿದಿತ್ತು. ಅದನ್ನು ಬೆರಳಲ್ಲಿ ತಿರುಗಿಸುತ್ತಾ, "ಅಕ್ಕ, ಒಂದು ಕುಲಾವಿ ತಂದಿದ್ದೆಯಲ್ಲ, ನಿನ್ನ ಸೀರೆ ಮಡಿಸಿಡುವಾಗ ನೋಡಿದ್ದೆ. ಅದನ್ನ ವಾಪಸ್ ತಗೊಂಡು ಹೋಗಬೇಡ" ಎಂದಳು. ಪೆಟ್ಟಿಗೆಯ ತಳದಿಂದ ತೆಗೆದು ಕೊಟ್ಟೆ. ಅಂಟಿನುಂಡೆಯ ಡಬ್ಬಿಯನ್ನು ಅಷ್ಟರಲ್ಲಿ ಗಂಡ ಹೆಂಡತಿ ಸೇರಿ ಖಾಲಿ ಮಾಡಿದ್ದರು.