ಕಾರೋ, ರೈಲೋ? ಸ್ವಿಟ್ಸರ್ಲೆಂಡ್ ಕಲಿಸಿದ ಪಾಠ

‘ಅಪ್ಪ, ಇಲ್ಲಿ ಕಾರು ಬೇಡ, ರೈಲಿನಲ್ಲೇ ಹೋಗೋಣ’ ಎಂದು ಮಗಳು ಮೊದಲೇ ಹೇಳಿದ್ದಳು. ನಾನು ಕೇಳಲಿಲ್ಲ. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಮಳೆಗಾಲದಲ್ಲೂ ಹತ್ತಿ ಇಳಿದವನು ನಾನು. ಗುಂಡಿಯೇ ಇಲ್ಲದ ಸ್ವಿಸ್ ರಸ್ತೆಗೆ ಹೆದರುವುದುಂಟೆ?

2019ರ ಬೇಸಿಗೆ ರಜೆ. ಮಗಳು ಜ್ಯೂರಿಕ್‌ನಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ಅವಳನ್ನು ನೋಡುವ ನೆಪದಲ್ಲಿ ನಾನೂ ನನ್ನ ಶ್ರೀಮತಿಯೂ ಮೊದಲ ಬಾರಿಗೆ ವಿದೇಶದ ವಿಮಾನ ಹತ್ತಿದ್ದೆವು. ಮೂವರ ರೈಲ್ವೆ ಪಾಸಿನ ದರವನ್ನು ರೂಪಾಯಿಗೆ ಪರಿವರ್ತಿಸಿದಾಗ ಎದೆ ಧಸಕ್ಕೆಂದಿತು. ಅದರ ಮುಂದೆ ಬಾಡಿಗೆ ಕಾರಿನ ದಿನದ ದರ ಅಗ್ಗವಾಗಿ ಕಂಡಿತು. ಊರಿನ ಆರ್‌ಟಿಓ ಕಚೇರಿಯಲ್ಲಿ ಒಂದು ವರ್ಷದ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನೂ ಮಾಡಿಸಿಕೊಂಡು ಹೋಗಿದ್ದೆ. ಅದನ್ನು ಬಳಸದೆ ಬರುವುದಾದರೂ ಹೇಗೆ?

ಕಾರು ಪಡೆಯುವ ಕೌಂಟರಿನಲ್ಲೇ ಲೆಕ್ಕ ಬದಲಾಗತೊಡಗಿತು. ಹೆಚ್ಚುವರಿ ವಿಮೆ ಬೇಕೇ ಎಂದರು, ಬೇಕೆಂದೆ. ಕ್ರೆಡಿಟ್ ಕಾರ್ಡಿನಲ್ಲಿ ದೊಡ್ಡ ಮೊತ್ತದ ಠೇವಣಿ ತಡೆಹಿಡಿದರು. ಪೆಟ್ರೋಲು ನಮ್ಮದು, ಊರೂರಿನ ಪಾರ್ಕಿಂಗ್ ಶುಲ್ಕವೂ ನಮ್ಮದು. ಸಂಜೆಯ ಹೊತ್ತಿಗೆ ನಾನು ಉಳಿಸಿದ್ದೆನೆಂದು ಬೀಗಿದ್ದ ಹಣ ಹೆಚ್ಚುಕಡಿಮೆ ಕರಗಿತ್ತು.

ಅಲ್ಲಿ ವಾಹನಗಳು ರಸ್ತೆಯ ಬಲಗಡೆ ಓಡುತ್ತವೆ, ಸ್ಟೇರಿಂಗ್ ಎಡಗಡೆ. ಗೇರ್ ಬದಲಿಸಲು ಹೋದ ನನ್ನ ಎಡಗೈ ಬಾಗಿಲಿನ ಹಿಡಿಗೆ ತಾಗಿತು. ನಮ್ಮ ಮಾರುತಿಯ ಅಭ್ಯಾಸದಲ್ಲಿ ಇಂಡಿಕೇಟರ್ ಹಾಕಿದರೆ ಬಿರುಬಿಸಿಲಿನಲ್ಲಿ ವೈಪರ್ ಆಡತೊಡಗಿತು. ಹಿಂದಿನ ಸೀಟಿನಲ್ಲಿದ್ದ ಮಗಳು ನಕ್ಕಳು, ನಾನೂ ನಕ್ಕೆ. ಹೆದ್ದಾರಿಯಲ್ಲಿ ತೊಂದರೆಯಾಗಲಿಲ್ಲ. ಎಲ್ಲರೂ ಒಂದೇ ದಿಕ್ಕಿನಲ್ಲಿ ಹೋಗುವಾಗ ಅವರನ್ನು ಹಿಂಬಾಲಿಸಿದರಾಯಿತು. ಆದರೆ ಬರ್ನ್ ನಗರ ಯಾವಾಗ ಬಂದು ಹೋಯಿತೋ ತಿಳಿಯಲಿಲ್ಲ. ಐನ್‌ಸ್ಟೈನ್ ಪೇಟೆಂಟ್ ಕಚೇರಿಯಲ್ಲಿ ಗುಮಾಸ್ತಿಕೆ ಮಾಡುತ್ತಾ 1905ರ ಲೇಖನಗಳನ್ನು ಬರೆದ ಊರದು. ವಿಜ್ಞಾನದ ಮೇಷ್ಟ್ರಾದ ನಾನು ಕಂಡದ್ದು ನೀಲಿ, ಹಸಿರು ಫಲಕಗಳನ್ನು ಮಾತ್ರ.

ಆ ರಾತ್ರಿ ಲೌಟರ್‌ಬ್ರುನೆನ್ ಕಣಿವೆಯಲ್ಲಿ ತಂಗಿದೆವು. ಎರಡೂ ಬದಿ ಗೋಡೆಯಂತೆ ನಿಂತ ಬಂಡೆ. ಅದರ ನೆತ್ತಿಯಿಂದ ಸುಮಾರು 300 ಮೀಟರ್ ಧುಮುಕುವ ಸ್ಟೌಬಾಖ್ ಜಲಪಾತ. ಮರುದಿನ ಬೆಳಗ್ಗೆ ಹತ್ತಿರದ ಟ್ರುಮೆಲ್‌ಬಾಖ್ ನೋಡಲು ಹೋದೆವು. ಐಗರ್, ಮೋಂಖ್, ಯುಂಗ್‌ಫ್ರೌ ಪರ್ವತಗಳ ಹಿಮನದಿಗಳು ಕರಗಿದ ನೀರು ಇಲ್ಲಿ ಬೆಟ್ಟದ ಹೊಟ್ಟೆಯೊಳಗೇ ಭೋರ್ಗರೆದು ಇಳಿಯುತ್ತದೆ. ಆ ಸದ್ದು ಕಿವಿಯಲ್ಲಿ ತುಂಬಿಕೊಂಡೇ ಕಾರು ಹತ್ತಿ ಪಾರ್ಕಿಂಗ್‌ನಿಂದ ರಸ್ತೆಗೆ ಬಂದೆ. ರಸ್ತೆ ಖಾಲಿಯಾಗಿತ್ತು. ತಿರುಗಿಸಿ ಆರಾಮವಾಗಿ ಎಡಬದಿಯಲ್ಲಿ ಹೊರಟೆ.

‘ರೀ! ಬಲಕ್ಕೆ!’

ಶ್ರೀಮತಿಯ ಕೂಗಿಗೆ ಬ್ರೇಕ್ ಒತ್ತಿದೆ. ಎದುರಿಗೆ ಹಳದಿ ಬಣ್ಣದ ಅಂಚೆ ಬಸ್ಸು. ಆ ಚಾಲಕ ನನಗಿಂತ ಮೊದಲೇ ನೋಡಿ ನಿಲ್ಲಿಸಿದ್ದ. ನಡುವೆ ಒಂದು ಕಾರು ನಿಲ್ಲುವಷ್ಟು ಜಾಗ ಉಳಿದಿತ್ತು. ಆತ ಬೈಯಲಿಲ್ಲ, ಹಾರನ್ ಸಹ ಹಾಕಲಿಲ್ಲ. ಕೈಯಿಂದ ‘ಆ ಕಡೆ ಹೋಗಿ’ ಎಂದು ತೋರಿಸಿದ. ಬಸ್ಸಿನ ಮುಂದಿನ ಸೀಟಿನಲ್ಲಿ ಬ್ಯಾಗು ಹಿಡಿದ ಇಬ್ಬರು ಮಕ್ಕಳು ಕುಳಿತಿದ್ದರು. ಅದನ್ನು ಈಗಲೂ ಮರೆಯಲಾಗಿಲ್ಲ.

ಗಂಟೆಗೆ 50 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಸಾಗುತ್ತದೆ. ಅಪಾಯ ಕಂಡ ಕಣ್ಣಿನಿಂದ ಬ್ರೇಕಿನ ಮೇಲಿನ ಕಾಲಿಗೆ ಸುದ್ದಿ ಮುಟ್ಟಲು ಸುಮಾರು ಒಂದು ಸೆಕೆಂಡ್ ಬೇಕು. ಇದು ನಾನೇ ವರ್ಷ ವರ್ಷವೂ ಕರಿಹಲಗೆಯ ಮೇಲೆ ಬರೆಯುವ ಲೆಕ್ಕ. ಆದರೆ ಸೂತ್ರ ಬಲ್ಲ ಮಿದುಳು ಬೇರೆ, ಇಪ್ಪತ್ತೈದು ವರ್ಷ ಕಾರು ಓಡಿಸಿದ ಮಿದುಳು ಬೇರೆ. ದಟ್ಟಣೆಯಿದ್ದಾಗ ಎಚ್ಚರವಿರುತ್ತದೆ; ರಸ್ತೆ ಖಾಲಿಯಾದೊಡನೆ ಹಳೆಯ ಅಭ್ಯಾಸ ಮೆಲ್ಲಗೆ ಬಂದು ಸ್ಟೇರಿಂಗ್ ಹಿಡಿಯುತ್ತದೆ. 1967ರ ಸೆಪ್ಟೆಂಬರ್ 3ರಂದು ಸ್ವೀಡನ್ ಎಡಬದಿಯ ಸಂಚಾರದಿಂದ ಬಲಬದಿಗೆ ಬದಲಾದಾಗ, ಜನ ಹೊಂದಿಕೊಳ್ಳಲೆಂದು ವೇಗಮಿತಿಯನ್ನೇ ತಗ್ಗಿಸಿದ್ದರು. ನಾನೋ ವಿಮಾನ ಇಳಿದ ಮೂರನೆಯ ದಿನವೇ ಧೈರ್ಯ ಮಾಡಿದ್ದೆ.

ಅಂದೇ ಇಂಟರ್‌ಲಾಕೆನ್‌ಗೆ ಹೋಗಿ, ಬೇರೆ ಊರಿನಲ್ಲಿ ಬಿಟ್ಟದ್ದಕ್ಕೆ ಹೆಚ್ಚುವರಿ ಶುಲ್ಕ ತೆತ್ತು ಕಾರು ಒಪ್ಪಿಸಿದೆ. ದಾರಿಯುದ್ದಕ್ಕೂ ಶ್ರೀಮತಿ ಪ್ರತಿ ತಿರುವಿನಲ್ಲೂ ‘ಬಲಕ್ಕೆ, ಬಲಕ್ಕೆ’ ಎನ್ನುತ್ತಲೇ ಇದ್ದಳು. ಎದೆ ಧಸಕ್ಕೆನಿಸಿದ್ದ ಆ ಪಾಸನ್ನೇ ಮಗಳು ಕೊಂಡು ತಂದಳು.

ಅದೇ ಪಾಸು ರೈಲಿಗೂ ಬಸ್ಸಿಗೂ ಸರೋವರದ ದೋಣಿಗೂ ನಡೆಯುತ್ತದೆ. ನಾವು ಮೇಲಿನ ವೆಂಗೆನ್ ಹಳ್ಳಿಗೆ ಹೋದೆವು. ಅಲ್ಲಿಗೆ ಪ್ರವಾಸಿಗರ ಕಾರು ಹೋಗುವಂತೆಯೇ ಇಲ್ಲ. 1893ರಿಂದ ಹಲ್ಲುಹಳಿಯ ರೈಲೇ ಗತಿ. ಹಳಿಗಳ ನಡುವಿನ ಹಲ್ಲಿನ ಪಟ್ಟಿಯನ್ನು ರೈಲಿನ ಅಡಿಯ ಹಲ್ಲುಚಕ್ರ ಕಚ್ಚಿಕೊಂಡು ಏರುತ್ತದೆ. ಮೇಟ್ಟುಪಾಳಯಂನಿಂದ ಊಟಿಗೆ ರೈಲಿನಲ್ಲಿ ಹೋದವರಿಗೆ ಇದು ಗೊತ್ತು. ಮೂರು ದಿನ ನಾನು ಕಿಟಕಿಯ ಪಕ್ಕ ಕುಳಿತು ಬೆಟ್ಟ ನೋಡಿದೆ.

ಅಲ್ಲಿನ ವೇಳಾಪಟ್ಟಿಯೂ ಒಂದು ಪಾಠವೇ. 1982ರಿಂದ ದೇಶದುದ್ದಕ್ಕೂ ರೈಲುಗಳು ಪ್ರತಿ ಗಂಟೆಯ ಅದೇ ನಿಮಿಷಕ್ಕೆ ಹೊರಡುವ ಪದ್ಧತಿ ಬಂತು. 2004ರಲ್ಲಿ ಜ್ಯೂರಿಕ್–ಬರ್ನ್ ಪ್ರಯಾಣವನ್ನು ಒಂದು ಗಂಟೆಗಿಂತ ತುಸು ಕಡಿಮೆಗೆ ತಂದರು. ಹಲವು ದಿಕ್ಕಿನ ರೈಲುಗಳು ಗಂಟೆ ಹೊಡೆಯುವ ಮುನ್ನ ನಿಲ್ದಾಣ ಸೇರಿ, ಹೊಡೆದ ಮೇಲೆ ಹೊರಟರೆ, ಇಳಿದವರಿಗೆ ಮುಂದಿನ ಗಾಡಿ ಕಾದಿರುತ್ತದೆ. ಮರಳುವಾಗ ಬರ್ನ್‌ನಲ್ಲಿ ಇಳಿದು, ಐನ್‌ಸ್ಟೈನ್ ವಾಸವಿದ್ದ 49ನೇ ನಂಬರಿನ ಕ್ರಾಮ್‌ಗಾಸೆಯ ಮನೆ ನೋಡಿ, ಮುಂದಿನ ರೈಲು ಹಿಡಿದೆವು.

ಹಾಗೆಂದು ಕಾರು ಎಲ್ಲೆಡೆಯೂ ಬೇಡವೆಂದಲ್ಲ. ಐಸ್‌ಲೆಂಡಿನಲ್ಲಿ ಪ್ರಯಾಣಿಕ ರೈಲೇ ಇಲ್ಲ. ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಜಪಾನ್‌ಗಳಲ್ಲಿ ನಮ್ಮಂತೆಯೇ ಎಡಬದಿಯ ಸಂಚಾರ. ವಯಸ್ಸಾದವರು, ಹಸುಗೂಸುಗಳು ಜೊತೆಗಿದ್ದರೆ ಕಾರಿನ ಅನುಕೂಲ ದೊಡ್ಡದು. ಅಂಥಲ್ಲಿ ಆಟೊಮ್ಯಾಟಿಕ್ ಗೇರಿನ ಕಾರು ಪಡೆಯಿರಿ, ವಿಮಾನ ಇಳಿದ ದಿನವೇ ಓಡಿಸಬೇಡಿ, ಪಕ್ಕದಲ್ಲಿ ಎಚ್ಚರಿಸುವವರೊಬ್ಬರಿರಲಿ. ಖಾಲಿ ರಸ್ತೆಗೆ ಇಳಿಯುವಾಗ ಎರಡು ಪಟ್ಟು ಎಚ್ಚರವಿರಲಿ. ಮಕ್ಕಳು ಅಲ್ಲೇ ಓದುತ್ತಿದ್ದರೆ, ಹೇಗೆ ಓಡಾಡಬೇಕೆಂದು ಅವರನ್ನೇ ಕೇಳಿ. ಆ ಊರು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಊರಿಗೆ ಮರಳಿ ಒಂಬತ್ತನೇ ತರಗತಿಯಲ್ಲಿ ಚಲನೆಯ ಪಾಠ ಮಾಡುವಾಗ ಈ ಕಥೆ ಹೇಳಿದೆ. ‘ಸಾರ್, ಆ ಬಸ್ಸಿನವನು ನಿಲ್ಲಿಸದೇ ಇದ್ದಿದ್ದರೆ?’ ಎಂದು ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ. ಹಲಗೆಯ ಮೇಲೆ ಲೆಕ್ಕ ಬಿಡಿಸಿ ತೋರಿಸಿದೆ. ಆದರೆ ಮನೆಯಲ್ಲಿ ಆ ಪ್ರಶ್ನೆಯನ್ನು ನಾವು ಮೂವರೂ ಇಂದಿಗೂ ಎತ್ತಿಲ್ಲ.