ಘಾಟಿಯಲ್ಲಿ ಮಾತ್ರ ನಿಲ್ಲುವ ಗಾಡಿ

1994ರಲ್ಲಿ ಬ್ರೆಜಿಲಿನಲ್ಲಿ ಇಬ್ಬನಿ ಹೆಪ್ಪುಗಟ್ಟಿ ಕಾಫಿ ಗಿಡಗಳು ಸುಟ್ಟುಹೋದವಲ್ಲ, ಆಗ ಇಲ್ಲಿ ಸಕಲೇಶಪುರದ ಕಡೆಯೂ ಕಾಫಿ ಬೆಲೆ ಏರಿತು. ಕಾಫಿ ಮಾರಿದ ಆ ದುಡ್ಡಿನಲ್ಲಿ ನಮ್ಮ ದೊಡ್ಡಪ್ಪ ಒಂದು ಹಳೇ ಮೆಟಡೋರ್ ವ್ಯಾನ್ ಕೊಂಡರು. ಹಿಂದಿನ ಸೀಟು ಕಿತ್ತು ಹಲಸಿನ ಹಲಗೆಯ ಮಂಚ ಹೊಡೆಸಿದರು. ಒಂದು ಮೂಲೆಗೆ ಸೀಮೆಎಣ್ಣೆ ಸ್ಟೌ ಬಂತು, ಕಿಟಕಿಗೆ ಅಜ್ಜಿಯ ಹಳೇ ಸೀರೆಯ ಪರದೆ. ಕೊಯ್ಲಿನಲ್ಲಿ ಮೂಟೆ ಹೊರುತ್ತಿದ್ದ ಗಾಡಿ, ಬಿಡುವಿದ್ದಾಗ ನಮ್ಮನ್ನೆಲ್ಲ ಹೊತ್ತು ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋಗುತ್ತಿತ್ತು. ಚಂಪಾಷಷ್ಠಿಯ ಜನಜಂಗುಳಿಯಲ್ಲಿ ಮಲಗಲು ಜಾಗ ಹುಡುಕುವ ಕಷ್ಟ ನಮಗಿರಲಿಲ್ಲ.

ಹೋಗುವಾಗ ಏನೂ ತೊಂದರೆ ಇಲ್ಲ. ತೊಂದರೆಯೆಲ್ಲ ಬರುವಾಗ. ಕುಲ್ಕುಂದ ದಾಟಿ ಬಿಸಿಲೆ ಘಾಟಿ ಹತ್ತುತ್ತಿದ್ದಂತೆ ಎಂಜಿನ್ ಎರಡು ಸಲ ಜರ್ಕ್ ಹೊಡೆದು ಬಂದ್ ಆಗುತ್ತಿತ್ತು. ಸುತ್ತ ಕಗ್ಗಾಡು, ಆನೆ ಓಡಾಡುವ ಜಾಗ. ಮಕ್ಕಳನ್ನೆಲ್ಲ ಒಳಗೇ ಕೂರಿಸಿ ದೊಡ್ಡಪ್ಪ ಟಾರ್ಚ್ ಹಿಡಿದು ಇಳಿಯುತ್ತಿದ್ದರು. ಫೀಡ್ ಪಂಪಿನ ಹ್ಯಾಂಡ್ ಪ್ರೈಮರ್ ಒತ್ತಿ ಒತ್ತಿ ಏರ್ ತೆಗೆದರೆ ಮತ್ತೆ ಸ್ಟಾರ್ಟ್. ಹಾಗೂ ಹೀಗೂ ಮಂಕನಹಳ್ಳಿಯ ರಿಡ್ಜ್ ಮುಟ್ಟಿದರೆ ಸಾಕು, ಆಮೇಲೆ ವನಗೂರಿಗೂ ಸೈ, ಹೆತ್ತೂರಿಗೂ ಸೈ. ಆ ರಿಡ್ಜ್ ಗೊತ್ತಲ್ಲ? ಅಲ್ಲಿ ಬಿದ್ದ ಮಳೆ ಒಂದು ಕಡೆ ಕುಮಾರಧಾರೆ, ನೇತ್ರಾವತಿ ಸೇರಿ ಅರಬ್ಬಿ ಸಮುದ್ರಕ್ಕೆ ಹೋಗುತ್ತೆ, ಇನ್ನೊಂದು ಕಡೆ ಹೇಮಾವತಿ, ಕಾವೇರಿ ಹಿಡಿದು ಬಂಗಾಳಕೊಲ್ಲಿಗೆ. ನಮ್ಮ ಗಾಡಿಯ ಕಾಯಿಲೆಗೂ ಅದೇ ಗಡಿ.

ಊರಿಗೆ ಬಂದು ಯಾರಿಗೆ ತೋರಿಸಿದರೂ ಗಾಡಿ ಗಡಿಯಾರದ ಹಾಗೆ ಓಡುವುದು. ನಿಂತು ನಿಂತು ಓಡುವ ರೋಗದ ಕಷ್ಟವೇ ಅದು, ತೋರಿಸೋಣವೆಂದರೆ ಇರುವುದಿಲ್ಲ. ಡೀಸೆಲ್ಲಿನಲ್ಲಿ ನೀರಿದೆ ಎಂದರು, ಟ್ಯಾಂಕ್ ತೊಳೆಸಿದೆವು. ಫಿಲ್ಟರ್ ಬದಲಾಯಿತು, ಫೀಡ್ ಪಂಪ್ ಬದಲಾಯಿತು, ನಾಝಲ್ಲುಗಳು ಹಾಸನಕ್ಕೆ ಹೋಗಿ ಬಂದವು. ಅಜ್ಜಿಗೆ ಮಾತ್ರ ಅನುಮಾನವೇ ಇರಲಿಲ್ಲ: ‘ಸುಬ್ಬಪ್ಪನ ಹರಕೆ ಬಾಕಿ ಐತೆ. ಅವನ ಬೆಟ್ಟದ ಬುಡದಲ್ಲೇ ನಿಲ್ತದೆ ಅಂದ್ರೆ ಇನ್ನೇನು?’ ಘಾಟಿಯ ಆಚೆ ನಿಂತಿರುವುದು 1712 ಮೀಟರ್ ಎತ್ತರದ ಕುಮಾರಪರ್ವತ. ಹರಕೆಯನ್ನೂ ತೀರಿಸಿದೆವು. ಈಗಲೂ ನನಗೆ ಅನ್ನಿಸುತ್ತೆ, ಗಾಡಿ ಎಲ್ಲಿ ನಿಲ್ಲುತ್ತದೆ ಎನ್ನುವುದನ್ನು ಮನಸ್ಸಿಗೆ ಹಾಕಿಕೊಂಡಿದ್ದವರು ಅಲ್ಲಿಯತನಕ ಅಜ್ಜಿ ಒಬ್ಬರೇ.

ಆಮೇಲೆ ಸಕಲೇಶಪುರದ ಒಬ್ಬ ವಯಸ್ಸಾದ ಮೇಸ್ತ್ರಿ ಸಿಕ್ಕರು. ಅವರು ಸ್ಪ್ಯಾನರ್ ಮುಟ್ಟಲಿಲ್ಲ, ಬೀಡಿ ಹಚ್ಚಿಕೊಂಡು ಕೂತರು. ‘ಗೌಡ್ರೇ, ಹೋಗುವಾಗ ಡೀಸೆಲ್ ಎಲ್ಲಿ ಹಾಕ್ಸ್ತೀರಿ?’

‘ಇಲ್ಲೇ, ಸಕಲೇಶಪುರದಲ್ಲಿ. ಫುಲ್ ಟ್ಯಾಂಕ್.’

‘ಬರುವಾಗ?’

‘ಬರುವಾಗ ಯಾಕೆ? ಅರ್ಧ ಉಳಿದೇ ಇರುತ್ತಲ್ಲ.’

‘ಅರ್ಧ ಟ್ಯಾಂಕಲ್ಲಿ ಹೆತ್ತೂರು ಕಡೆ ಇಂಥ ಏರು ಯಾವತ್ತಾದ್ರೂ ಹತ್ತಿಸಿದ್ದೀರಾ?’

ದೊಡ್ಡಪ್ಪ ಯೋಚಿಸಿದರು. ಹತ್ತಿಸಿರಲಿಲ್ಲ.

ಮೇಸ್ತ್ರಿ ನಮ್ಮ ಜೊತೆಗೇ ಘಾಟಿಗೆ ಬಂದರು. ಗಾಡಿ ನಿಂತ ಕೂಡಲೇ ಮೇಲಿನ ಕ್ಯಾರಿಯರಿಗೆ ಡೀಸೆಲ್ ತುಂಬಿದ ಕ್ಯಾನ್ ಕಟ್ಟಿ, ಅದರಿಂದ ಫೀಡ್ ಪಂಪಿಗೆ ನೇರ ಪೈಪ್ ಇಳಿಸಿ, ಏರ್ ತೆಗೆದು, ‘ಹೊಡೀರಿ’ ಎಂದರು. ಗಾಡಿ ಎಲ್ಲೂ ನಿಲ್ಲದೆ ಬಿಸಿಲೆ ಸೇರಿತು. ಅಂದರೆ ಪಂಪಿನಿಂದ ಮುಂದಕ್ಕೆ ಎಲ್ಲ ಸರಿ ಇದೆ. ಇಷ್ಟು ದಿನ ನಾವು ದುಡ್ಡು ಸುರಿದದ್ದು ಹೆಚ್ಚಾಗಿ ಆ ಕಡೆಗೇ. ಬಿಸಿಲೆಯಲ್ಲಿ ಕ್ಯಾನ್ ಬಿಚ್ಚಿ ಟ್ಯಾಂಕಿನ ಪೈಪನ್ನೇ ಮತ್ತೆ ಜೋಡಿಸಿದರು, ಆದರೆ ಪಂಪಿನ ಬಾಯಿಗೆ ಒಂದು ಗೇಣು ಒಳಗೆ ಕಾಣುವ ಪ್ಲಾಸ್ಟಿಕ್ ಪೈಪ್ ಹಾಕಿದರು. ಸಮ ಜಾಗದಲ್ಲಿ ಡೀಸೆಲ್ ತಿಳಿಯಾಗಿತ್ತು. ಏರಿನಲ್ಲಿ ಮೂತಿ ಮೇಲಾದ ಹಾಗೆ ಸಣ್ಣ ಸಣ್ಣ ಗುಳ್ಳೆ ಸಾಲುಗಟ್ಟಿ ಬಂದವು.

ಟ್ಯಾಂಕಿನಿಂದ ಪಂಪಿನವರೆಗೆ ಡೀಸೆಲ್ ಹರಿಯುವುದು ಪಂಪಿನ ಸೆಳೆತಕ್ಕೆ. ಆ ಹಾದಿಯಲ್ಲಿ ಸೀಳು ಬಿಟ್ಟರೆ ಡೀಸೆಲ್ ಹೊರಗೆ ಸುರಿಯುವ ಬದಲು ಗಾಳಿ ಒಳಗೆ ಹೋಗುತ್ತದೆ. ನೆಲಕ್ಕೆ ಒಂದು ತೊಟ್ಟೂ ಬೀಳುವುದಿಲ್ಲ, ಅದಕ್ಕೇ ಯಾರ ಕಣ್ಣಿಗೂ ಬೀಳುವುದಿಲ್ಲ. ನಾಝಲ್ ತೆರೆಯಬೇಕಾದರೆ ಡೀಸೆಲ್ಲಿಗೆ ವಾತಾವರಣದ ನೂರು ಪಟ್ಟಿಗೂ ಮೀರಿದ ಒತ್ತಡ ಬೇಕು. ನಡುವೆ ಗಾಳಿ ಸೇರಿಕೊಂಡರೆ ಅದು ಕುಗ್ಗುತ್ತದೆಯೇ ಹೊರತು ಒತ್ತಡ ಏರಗೊಡುವುದಿಲ್ಲ. ಟ್ಯಾಂಕ್ ತುಂಬಿದ್ದಾಗ ನಮ್ಮ ಗಾಡಿಯಲ್ಲಿ ಡೀಸೆಲ್ ಆ ಸೀಳಿಗಿಂತ ಮೇಲಿರುತ್ತಿತ್ತು, ಗಾಳಿಗೆ ದಾರಿ ಇರುತ್ತಿರಲಿಲ್ಲ. ಅರ್ಧ ಟ್ಯಾಂಕೂ ಕಡಿದಾದ ಏರೂ ಒಟ್ಟಿಗೆ ಬಂದರೆ ಹಿಂದಿರುವ ಟ್ಯಾಂಕ್ ಇನ್ನೂ ಕೆಳಗಾಗಿ ಸೆಳೆತ ಜಾಸ್ತಿಯಾಗುತ್ತಿತ್ತು, ಸೀಳು ಬಾಯಿ ಬಿಡುತ್ತಿತ್ತು.

ಸೀಳು ಎಲ್ಲಿ? ಮೇಸ್ತ್ರಿ ಗೋಣಿತಾಟು ಹಾಸಿ ಗಾಡಿಯಡಿ ನುಸುಳಿ ಬೆರಳಲ್ಲಿ ತಡಕುತ್ತಾ ಹೋದರು. ಚಾಸಿಸ್ ಮೇಲಿನ ಒಂದು ಕ್ಲಿಪ್ಪಿನ ಬುಡದಲ್ಲಿ ಮಾತ್ರ ಧೂಳು ಎಣ್ಣೆ ಕುಡಿದು ಕಪ್ಪಗಿತ್ತು. ಫುಲ್ ಟ್ಯಾಂಕಿನ ದಿನಗಳಲ್ಲಿ ಜಿನುಗಿದ ಡೀಸೆಲ್ ಅದು. ರಬ್ಬರ್ ಪೈಪನ್ನು ಕ್ಲಿಪ್ಪಿನಿಂದ ಬಿಡಿಸಿ ಬಗ್ಗಿಸಿದಾಗ ಕೂದಲೆಳೆಯಂಥ ಬಿರುಕು ಕಂಡಿತು. ನೇರ ಹಿಡಿದರೆ ಮಾಯ.

ಹೊಸ ಪೈಪು, ಎರಡು ಕ್ಲಿಪ್ಪು. ಕೈಕೂಲಿ ಎಂದು ಅವರು ಕೇಳಿದ್ದು ಬಹಳ ಕಡಿಮೆ, ದೊಡ್ಡಪ್ಪ ಒಂದು ಮೂಟೆ ಕಿತ್ತಳೆಯನ್ನೂ ಗಾಡಿಯಲ್ಲೇ ಕಳಿಸಿದರು. ಒಳಗೆ ಕಾಣುವ ಆ ಗೇಣುದ್ದದ ಪೈಪನ್ನು ಮಾತ್ರ ತೆಗೆಸಲಿಲ್ಲ. ಮುಂದೆ ಗಾಡಿ ಮಾರುವವರೆಗೂ ಕುಲ್ಕುಂದದಲ್ಲಿ ಎಂಜಿನ್ನಿನ ಮುಚ್ಚಳ ಎತ್ತಿ, ಗುಳ್ಳೆ ಇಲ್ಲವೆಂದು ನೋಡಿಕೊಂಡೇ ಅವರು ಘಾಟಿ ಹತ್ತುತ್ತಿದ್ದದ್ದು.