ತಡಬೆ

2020ರ ಮಾರ್ಚ್ ಮೊದಲ ವಾರ ಡಾಕ್ಟರು ಬರೆದುಕೊಟ್ಟ ಚೀಟಿ ಇನ್ನೂ ನನ್ನ ಹತ್ತಿರ ಇದೆ. ಅದರಲ್ಲಿರುವುದು ಮೂರೇ ಸಾಲು. ಮೊದಲೆರಡು ಸಕ್ಕರೆ ಕಾಯಿಲೆಯ ಮಾತ್ರೆ. ಮೂರನೆಯದನ್ನು ಅವರು ಕನ್ನಡದಲ್ಲೇ ಬರೆದು ಕೆಳಗೊಂದು ಗೆರೆ ಎಳೆದಿದ್ದರು: ದಿನಾ ಮುಕ್ಕಾಲು ಗಂಟೆ ನಡಿಗೆ, ತಪ್ಪಿಸಬಾರದು.

ಮಾರ್ಚ್ 25ಕ್ಕೆ ಕೊರೊನಾದಿಂದ ದೇಶವೆಲ್ಲ ಬಾಗಿಲು ಹಾಕಿತು. ಒಂದು ವಾರ ಕಳೆದು ಮಾತ್ರೆ ಮುಗಿದಾಗ ಅದೇ ಚೀಟಿ ಹಿಡಿದು ಚಿಕ್ಕಮಗಳೂರಿನ ಖಾಲಿ ರಸ್ತೆಗೆ ಇಳಿದೆ. ಸರ್ಕಲ್ಲಿನಲ್ಲಿ ನಿಂತಿದ್ದ ಪೊಲೀಸ್ ಹುಡುಗ ಚೀಟಿಯನ್ನು ಪೂರ್ತಿ ಓದಿದ. ಕಣ್ಣಷ್ಟೇ ಕಾಣುತ್ತಿತ್ತು, ಬಾಕಿಯೆಲ್ಲ ಮಾಸ್ಕು. "ಮಾತ್ರೆ ತಗೊಂಡು ಬನ್ನಿ ಅಮ್ಮ, ಅದಕ್ಕೆ ತಡೆಯಲ್ಲ. ವಾಕಿಂಗ್‌ಗೆ ಮಾತ್ರ ಬಿಡೋಕೆ ಬರಲ್ಲ" ಅಂದ. ಒಬ್ಬರೇ ಡಾಕ್ಟರು, ಒಂದೇ ಪೆನ್ನು, ಒಂದೇ ಕಾಗದ. ಅದರಲ್ಲಿ ಎರಡು ಸಾಲಿಗೆ ಅನುಮತಿ, ಒಂದಕ್ಕೆ ಇಲ್ಲ. ಆ ಹುಡುಗನ ಮೇಲೆ ನನಗೆ ಆಗಲೂ ಸಿಟ್ಟು ಬರಲಿಲ್ಲ, ಈಗಲೂ ಇಲ್ಲ. ಅವನ ಕೈಯಲ್ಲಿದ್ದ ಆದೇಶದ ಪಟ್ಟಿಯಲ್ಲಿ ರೇಷನ್ ಇತ್ತು, ಹಾಲಿತ್ತು, ತರಕಾರಿ, ಔಷಧಿ, ಬ್ಯಾಂಕು, ಪೆಟ್ರೋಲು ಎಲ್ಲ ಇತ್ತು. ಮನುಷ್ಯ ಸುಮ್ಮನೆ ನಡೆಯುವುದು ಇರಲಿಲ್ಲ.

ಬೇರೆ ಕೆಲವು ದೇಶಗಳ ಪಟ್ಟಿಯಲ್ಲಿ ಅದು ಇತ್ತು. ಇಂಗ್ಲೆಂಡಿನಲ್ಲಿ ದಿನಕ್ಕೊಮ್ಮೆ ವ್ಯಾಯಾಮಕ್ಕೆ ಹೊರಗೆ ಹೋಗಬಹುದಿತ್ತು. ಫ್ರಾನ್ಸಿನವರು ಒಂದು ಕಾಗದದಲ್ಲಿ ಕಾರಣ ಬರೆದಿಟ್ಟುಕೊಂಡು ಮನೆಯಿಂದ ಒಂದು ಕಿಲೋಮೀಟರಿನೊಳಗೆ ಒಂದು ಗಂಟೆ ಓಡಾಡಬಹುದಿತ್ತು. ಸ್ಪೇನ್ ನಮ್ಮ ಹಾಗೆಯೇ. ದೊಡ್ಡವರು ವ್ಯಾಯಾಮಕ್ಕೆಂದು ಹೊಸ್ತಿಲು ದಾಟಲು ಮೇ 2ರವರೆಗೆ ಕಾಯಬೇಕಾಯಿತು. ಅವಕಾಶ ಇದ್ದಲ್ಲೂ ಎಷ್ಟು ದೂರ ಹೋಗಬಹುದು ಎನ್ನುವ ಜಗಳ ತಪ್ಪಲಿಲ್ಲ. 2021ರ ಜನವರಿಯಲ್ಲಿ ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ ಇಬ್ಬರು ಗೆಳತಿಯರು ಬೇರೆ ಬೇರೆ ಕಾರಿನಲ್ಲಿ ಐದು ಮೈಲಿ ದೂರದ ಒಂದು ಜಲಾಶಯದ ದಂಡೆಗೆ ನಡೆಯಲು ಹೋದರು. ಪೊಲೀಸರು ತಲಾ 200 ಪೌಂಡ್ ದಂಡ ಹಾಕಿದರು. ಕೈಯಲ್ಲಿದ್ದ ಬಿಸಿ ಪಾನೀಯದ ಲೋಟವನ್ನೂ ಪಿಕ್‌ನಿಕ್ ಲೆಕ್ಕಕ್ಕೆ ಸೇರಿಸಿದರಂತೆ. ಆಮೇಲೆ ದಂಡ ರದ್ದಾಯಿತು, ಕ್ಷಮೆಯನ್ನೂ ಕೇಳಿದರು. ಐದು ಮೈಲಿ ಅಂದರೆ ಎಂಟು ಕಿಲೋಮೀಟರು. ಚಿಕ್ಕಮಗಳೂರಿನಿಂದ ಹಿರೇಕೊಳಲೆ ಕೆರೆ ಅದಕ್ಕಿಂತ ಸ್ವಲ್ಪ ದೂರ. ಆ ಸುದ್ದಿ ಓದಿದ ದಿನ ಆ ಕೆರೆಯ ಏರಿ ಕಣ್ಣಿಗೆ ಕಟ್ಟಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ನಾನು ನಡೆಯಲು ಹೋಗುತ್ತಿದ್ದ ರತ್ನಗಿರಿ ಬೋರೆಯ ಪಾರ್ಕಿನ ಗೇಟಿಗೆ ಬೀಗ ಬಿದ್ದಿತ್ತು, ಸ್ಟೇಡಿಯಮ್ಮಿಗೂ ಬಿದ್ದಿತ್ತು. ನನಗೆ ಉಳಿದದ್ದು ತಾರಸಿ. ಆ ತುದಿಯಿಂದ ಈ ತುದಿಗೆ ಹದಿನೆಂಟು ಹೆಜ್ಜೆ. ನಾಲ್ಕು ಸಾವಿರ ಹೆಜ್ಜೆ ಆಗಬೇಕಾದರೆ ಇನ್ನೂರಿಪ್ಪತ್ತು ಸಲ ತಿರುಗಬೇಕು. ಗೋಡೆಯ ಮೇಲೆ ಹುಣಸೆ ಬೀಜ ಇಟ್ಟು, ಪ್ರತಿ ಹತ್ತು ಸುತ್ತಿಗೆ ಒಂದನ್ನು ಆಚೆಗೆ ಸರಿಸುತ್ತಿದ್ದೆ. ನಡಿಗೆಗಿಂತ ತಿರುಗುವುದೇ ಕಷ್ಟ. ಹತ್ತು ದಿನಕ್ಕೆ ಎಡಮಂಡಿ ಹಿಡಿದುಕೊಂಡಿತು. ಸುತ್ತಲಿನ ತಾರಸಿಗಳ ಮೇಲೂ ಜನ, ಒಬ್ಬೊಬ್ಬರೇ, ಗೂಡಿನೊಳಗೆ ಹಾಕಿದವರ ಹಾಗೆ ಅತ್ತಿಂದಿತ್ತ. ಎದುರಿಗೆ ವಾಯವ್ಯದಲ್ಲಿ ಮುಳ್ಳಯ್ಯನಗಿರಿ. 1930 ಮೀಟರ್ ಎತ್ತರದ, ಕರ್ನಾಟಕದಲ್ಲೇ ಅತಿ ಎತ್ತರದ ಶಿಖರ. ವಾಹನಗಳ ಹೊಗೆ ಇಲ್ಲದ ಆ ಏಪ್ರಿಲ್‌ನಲ್ಲಿ ಗಿರಿಯ ಮೇಲಿನ ಹುಲ್ಲಿನ ಮಡಿಕೆಗಳೂ ಬಿಡಿಸಿ ಕಾಣುತ್ತಿದ್ದವು. ಅಷ್ಟು ಹತ್ತಿರ ಕಾಣುವ ಬೆಟ್ಟದ ಬುಡಕ್ಕೂ ಹೋಗಲಾರದೆ ಹುಣಸೆ ಬೀಜ ಸರಿಸುತ್ತಿದ್ದ ಆ ಬೆಳಗುಗಳನ್ನು ನಾನು ಮರೆಯಲಾರೆ.

ಮಲೆನಾಡಿನ ಮಗಳಾದ ನನಗೆ ಕಾಫಿ ಹೂವೂ ತಪ್ಪಿಹೋದ ವರ್ಷ ಅದು. ಹೂಮಳೆ ಬಿದ್ದು ಒಂಬತ್ತು ಹತ್ತು ದಿನಕ್ಕೆ ಕಾಫಿ ಗಿಡ ಬೆಳ್ಳಗಾಗುತ್ತದೆ, ಮೂರ್ನಾಲ್ಕು ದಿನದಲ್ಲಿ ಮುಗಿದೂ ಹೋಗುತ್ತದೆ. "ಈ ಸಲ ಹೂವು ಚೆನ್ನಾಗಿದೆ ಅಕ್ಕಾ" ಎಂದು ತಮ್ಮ ಫೋನಿನಲ್ಲಿ ಹೇಳಿದ. ಕೇಳಿಸಿಕೊಂಡೆ, ಅಷ್ಟೇ.

ಮೇ 1ರ ಕೊರೊನಾ ವಲಯಗಳ ಪಟ್ಟಿಯಲ್ಲಿ ನಮ್ಮ ಜಿಲ್ಲೆ ಹಸಿರು ವಲಯ ಎಂದು ಬಂತು. ಜಿಲ್ಲೆಯೊಳಗಿನ ಓಡಾಟದ ಬಿಗಿ ಸ್ವಲ್ಪ ಸಡಿಲವಾದ ಮೇಲೆ ತಮ್ಮ ಜೀಪು ತಂದು ನನ್ನನ್ನು ತವರಿಗೆ ಕರೆದುಕೊಂಡು ಹೋದ. ಆಲ್ದೂರು, ಹ್ಯಾಂಡ್‌ಪೋಸ್ಟ್, ಮೂಡಿಗೆರೆ ದಾಟಿ ನಮ್ಮೂರಿನ ತಿರುವಿಗೆ ಬಂದರೆ ದಾರಿಗೆ ಅಡ್ಡ ಬಿದಿರ ಗಳ, ಅದರ ಮೇಲೆ ಮುಳ್ಳು. ಕಾವಲಿಗೆ ನಾನು ಎತ್ತಿ ಆಡಿಸಿದ ಹುಡುಗರು. ಪೇಟೆಯಿಂದ ಬಂದವರು ಹದಿನಾಲ್ಕು ದಿನ ಹಿತ್ತಲ ಕೋಣೆಯಲ್ಲಿರಬೇಕು ಎಂದರು. ಒಪ್ಪಿದೆ. ಹಿಂದಿನ ವರ್ಷ, 2019ರ ಆಗಸ್ಟಿನಲ್ಲಿ, ನಮ್ಮ ತಾಲ್ಲೂಕಿನ ಗುಡ್ಡಗಳು ಕುಸಿದು ಮಲೆಮನೆ, ಮಧುಗುಂಡಿಯ ಕಡೆ ಮನೆ ತೋಟ ಕಳೆದುಕೊಂಡವರನ್ನು ಕಂಡ ಜನ ಇವರು. ಇನ್ನೊಂದು ಆಪತ್ತನ್ನು ಬೇಲಿಯ ಆಚೆಗೇ ನಿಲ್ಲಿಸುತ್ತೇವೆ ಎಂದು ಹೊರಟವರಿಗೆ ಬೇಡ ಎನ್ನಲು ನಾನು ಯಾರು?

ಹದಿನಾಲ್ಕು ದಿನ ಮುಗಿದ ಬೆಳಿಗ್ಗೆ, ಬಿಸಿಲು ಚೆನ್ನಾಗಿ ಏರಿದ ಮೇಲೆ, ತೋಟಕ್ಕೆ ಇಳಿದೆ. ನಸುಕಿನಲ್ಲಿ ಹೋಗಬೇಡ, ಆನೆ ಇರುತ್ತದೆ ಎಂದು ತಮ್ಮ ಹೇಳಿದ್ದ. ಹೊನ್ನೆ, ಅತ್ತಿ, ಬಸರಿ ಮರಗಳ ನೆರಳು, ಕಾಲಡಿಗೆ ತರಗೆಲೆ, ಗಿಡದಲ್ಲಿ ಗುಂಡುಸೂಜಿ ತಲೆಯಷ್ಟು ಕಾಯಿ. ಎರಡು ತಿಂಗಳ ಮೇಲೆ ಮೊದಲ ಸಲ ತಿರುಗದೆ ನೂರು ಹೆಜ್ಜೆ ಇಟ್ಟೆ. ಮಂಡಿ ನೋಯಲಿಲ್ಲ. ಅಳು ಬಂತು.

ಕಾಫಿ ತೋಟದ ಕೆಲಸಕ್ಕೆ ಏಪ್ರಿಲ್ 20ರಿಂದಲೇ ಅನುಮತಿ ಸಿಕ್ಕಿತ್ತು, ಅರ್ಧದಷ್ಟು ಆಳುಗಳೊಂದಿಗೆ. ಲೈನಿನ, ಅಂದರೆ ಆಳುಗಳ ಸಾಲುಮನೆಯ, ಹೆಂಗಸರು ಮಧ್ಯೆ ಅಂತರ ಬಿಟ್ಟು ಚಿಗುರು ತೆಗೆಯುತ್ತಿದ್ದರು. ಅವರಲ್ಲಿ ಒಬ್ಬಳು ನನ್ನ ಓರಗೆಯವಳು. ನಿಮಗೇನು, ದಿನವೆಲ್ಲ ಗಾಳಿಯಲ್ಲೇ ಇರುತ್ತೀರಿ, ನಡೆಯುತ್ತಲೇ ಇರುತ್ತೀರಿ, ಪೇಟೆಯಲ್ಲಿ ನಾವು ಕೊಳೆತುಹೋದೆವು ಎಂದೆ. ಅವಳು ಕತ್ತಿ ಕೆಳಗಿಟ್ಟು ಹೇಳಿದಳು: "ತೋಟದಲ್ಲಿ ನಡಿಯೋದು ಕೂಲಿಗೆ ಅಮ್ಮ. ಸಂತೆಗೆ ನಡಿಯೋದು ನಮ್ಗೆ."

ಸಂತೆ ನಿಂತು ಎರಡು ತಿಂಗಳಾಗಿತ್ತು. ವಾರಕ್ಕೊಂದು ದಿನ ಮಕ್ಕಳನ್ನು ಕಟ್ಟಿಕೊಂಡು ಹೋಗಿ, ಉಪ್ಪುಮೀನು ಎಲೆಅಡಿಕೆ ಕೊಂಡು, ಅಕ್ಕಪಕ್ಕದ ತೋಟದ ನೆಂಟರನ್ನು ಕಂಡು, ಸಂಜೆಗೆ ನಗುತ್ತಾ ಹತ್ತಿ ಬರುವ ಐದಾರು ಕಿಲೋಮೀಟರಿನ ಆ ದಾರಿ ಅವಳ ವಾರದ ಉಸಿರಾಗಿತ್ತು. ಈಗ ಮಾಲೀಕರೇ ಜೀಪಿನಲ್ಲಿ ರೇಷನ್ ತಂದುಕೊಡುತ್ತಿದ್ದರು. ಹೊಟ್ಟೆಗೆ ಕೊರತೆ ಇರಲಿಲ್ಲ. ಕೆಲಸ ಬಿಟ್ಟರೆ ಲೈನಿನ ಒಂದು ಕೋಣೆ, ಲೈನು ಬಿಟ್ಟರೆ ಕೆಲಸ. ಡಾಕ್ಟರು ಅವಳಿಗೆ ಯಾವ ಚೀಟಿಯಲ್ಲೂ ನಡಿಗೆ ಬರೆದುಕೊಟ್ಟಿರಲಿಲ್ಲ. ಆದರೂ ಅವಳಿಂದ ಕಿತ್ತುಕೊಂಡದ್ದು ನನ್ನಿಂದ ಕಿತ್ತುಕೊಂಡದ್ದನ್ನೇ. ಬೆವರು ಹರಿಸುವುದೇ ವ್ಯಾಯಾಮವಾದರೆ ಅವಳಿಗೆ ಬೇಕಾದಷ್ಟಿತ್ತು. ತನ್ನ ಇಷ್ಟಕ್ಕೆ ಒಂದು ದಿಕ್ಕು ಹಿಡಿದು ಹೋಗಿ ಬರುವುದು ಬೇರೆಯೇ ಸಂಗತಿ, ಅದಿಲ್ಲದಿದ್ದರೆ ಮೈ ಎಷ್ಟು ದುಡಿದರೂ ಜೀವ ಬಾಡುತ್ತದೆ. ಇದನ್ನು ನನಗೆ ತಿಳಿಸಿಕೊಟ್ಟವಳು ಅವಳು.

ಮಾರನೆಯ ದಿನ ನಾನು ಚಿಕ್ಕಂದಿನಲ್ಲಿ ಶಾಲೆಗೆ ಹೋಗುತ್ತಿದ್ದ ಒಳದಾರಿ ಹುಡುಕಿ ಹೊರಟೆ. ನಮ್ಮ ತೋಟ, ಪಕ್ಕದವರ ಗದ್ದೆ, ಆಮೇಲೆ ಒಂದು ಹಳ್ಳ, ಇನ್ನೆರಡು ತೋಟ, ಆಚೆಗೆ ಶಾಲೆ. ಆಗ ಬೇಲಿ ಬಂದಲ್ಲೆಲ್ಲ ಒಂದು ತಡಬೆ ಇರುತ್ತಿತ್ತು. ಹೊಸಬರಿಗೆ ಹೇಳಬೇಕು: ಎರಡು ಗೂಟ, ನಡುವೆ ಅಡ್ಡ ಮರ, ಆಚೆಗೊಂದು ಈಚೆಗೊಂದು ಮೆಟ್ಟುಗಲ್ಲು. ಗಾಡಿ ಹೋಗಲು ಉಣುಗೋಲು, ಮನುಷ್ಯರು ಹೋಗಲು ತಡಬೆ. ಘಟ್ಟದ ಕೆಳಗಿನವರು ಇದನ್ನೇ ತಡಮೆ ಎನ್ನುತ್ತಾರೆ. ದನ ಅದರ ಮುಂದೆ ನಿಂತುಬಿಡುತ್ತದೆ, ಮನುಷ್ಯ ಲಂಗ ಎತ್ತಿಕೊಂಡೋ ಪಂಚೆ ಎತ್ತಿಕೊಂಡೋ ದಾಟುತ್ತಾನೆ. ಬೇಲಿ ಹಾಕಿದವನ ಬೆಳೆಯೂ ಉಳಿಯಿತು, ದಾರಿಹೋಕನ ದಾರಿಯೂ ಉಳಿಯಿತು. ಬೀಗ ಬೇಡ, ಕಾವಲು ಬೇಡ, ಕೇಳಿ ಹೋಗುವ ಹಂಗೂ ಬೇಡ. ನಮ್ಮ ಹಿರಿಯರು ಮಾಡಿದ ಕಾನೂನುಗಳಲ್ಲಿ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ಹಳ್ಳದವರೆಗೆ ಹೋದೆ. ಆಚೆ ದಡದಲ್ಲಿ ಆನೆ ತಡೆಯುವ ಸೋಲಾರ್ ತಂತಿ, ಅದರ ಹಿಂದೆ ಮುಳ್ಳುತಂತಿ. ತಡಬೆಯ ಮೆಟ್ಟುಗಲ್ಲು ಮಾತ್ರ ಪಾಚಿ ಕಟ್ಟಿಕೊಂಡು ಹಾಗೇ ಇತ್ತು, ಅದರ ಎದುರಿಗೇ ತಂತಿ. ಬೇಸರ ತಡೆಯಲಾಗದೆ ಅಲ್ಲೇ ಕೂತೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸ ಎಂದರೆ ಹೊರಗಿನವರ ಕಣ್ಣಿಗೆ ಹಸಿರೋ ಹಸಿರು. ಒಳಗೆ ಬಂದು ನೋಡಿ: ಗೇಟು, ಇನ್ನೊಂದು ಗೇಟು, ಆಮೇಲೆ ಅರಣ್ಯದ ಗಡಿ. ಇಷ್ಟು ಹಸಿರಿನ ನಡುವೆ ಕಾಲಿಟ್ಟು ನಡೆಯಲು ಎಲ್ಲರಿಗೂ ಸೇರಿದ ದಾರಿ ಅಂದರೆ ಹೆಚ್ಚಿನ ಕಡೆ ಡಾಂಬರು ರಸ್ತೆ ಒಂದೇ. ಲಾಕ್‌ಡೌನ್ ಬಂದದ್ದು ಎರಡು ತಿಂಗಳ ಹಿಂದೆ. ನಮ್ಮ ಒಳದಾರಿಗಳಿಗೆ ಅದು ಮೂವತ್ತು ವರ್ಷದಿಂದ ನಡೆದೇ ಇತ್ತು.

ಅಷ್ಟರಲ್ಲಿ ಸರ್ಕಾರವೂ ಒಂದು ತಡಬೆ ಇಟ್ಟಿತು. ಮೇ 19ರಿಂದ ರಾಜ್ಯದ ಪಾರ್ಕುಗಳು ಬೆಳಿಗ್ಗೆ 7ರಿಂದ 9, ಸಂಜೆ 5ರಿಂದ 7 ತೆರೆದವು. ದಿನಕ್ಕೆ ನಾಲ್ಕು ಗಂಟೆ. ಅದನ್ನು ಮಾರ್ಚಿನಲ್ಲೇ ಕೊಟ್ಟಿದ್ದರೆ ಏನಾಗುತ್ತಿತ್ತು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಜನ ಗುಂಪು ಕಟ್ಟುತ್ತಿದ್ದರು, ನಿಜ. ಆ ದಿನಗಳಲ್ಲಿ ರೋಗದ ರೀತಿ ಯಾರಿಗೂ ಪೂರ್ತಿ ತಿಳಿದಿರಲಿಲ್ಲ, ಅದೂ ನಿಜ. ಆದರೂ ಒಬ್ಬೊಬ್ಬರೇ ನಡೆಯುವುದಕ್ಕೆ ಬೆಳಿಗ್ಗೆ ಒಂದು ಗಂಟೆ ಇರಲಿ ಎಂದು ಆ ಪಟ್ಟಿಗೆ ಒಂದು ಸಾಲು ಸೇರಿಸಬಹುದಿತ್ತು ಎಂಬ ನನ್ನ ಅಭಿಪ್ರಾಯ ಬದಲಾಗಿಲ್ಲ.

ಎರಡನೆಯ ಅಲೆಯ ವಿಷಯ ಬೇರೆ. 2021ರ ಮೇ 10ರಿಂದ ಮತ್ತೆ ಎಲ್ಲ ಮುಚ್ಚಿತು. ಅಂಗಡಿ ಬೆಳಿಗ್ಗೆ 6ರಿಂದ 10ರವರೆಗೆ. ಗಾಡಿ ತರಬೇಡಿ, ನಡೆದೇ ಹೋಗಿ ಎಂದಿತು ಮೊದಲು ಬಂದ ಆದೇಶ. ವಾಕಿಂಗ್ ಕೂಡದು, ಆದರೆ ಚೀಲ ಹಿಡಿದರೆ ನಡೆಯಬಹುದು. ನಾನು ಚೀಲ ಹಿಡಿದೆ. ಹತ್ತಿರದ ಅಂಗಡಿ ಬಿಟ್ಟು ದೂರದ್ದಕ್ಕೆ ಹೋಗಿ ಒಂದು ಕಟ್ಟು ಕೊತ್ತಂಬರಿ ಸೊಪ್ಪು ತರುತ್ತಿದ್ದೆ. ಸಂತೋಷ ಮಾತ್ರ ಇರಲಿಲ್ಲ. ಬೋರೆಯಲ್ಲಿ ಜೊತೆಗೆ ನಡೆಯುತ್ತಿದ್ದ ನಾವು ಏಳು ಹೆಂಗಸರಲ್ಲಿ ಇಬ್ಬರು ಆ ತಿಂಗಳಲ್ಲೇ ಹೋದರು. ಅವರ ಬೀದಿಯಲ್ಲೇ ಹಾದುಹೋದರೂ ಮನೆಯೊಳಗೆ ಹೋಗಿ ಮಕ್ಕಳನ್ನು ಮಾತಾಡಿಸುವ ಹಾಗಿರಲಿಲ್ಲ. ಆಗ ಯಾವ ಬೇಲಿಯನ್ನೂ ನಾನು ದೂರಲಿಲ್ಲ.

ಜೂನ್ ಕಳೆದು ಬಿಗಿ ಬಿಚ್ಚಿತು. ಜುಲೈನಲ್ಲಿ ಮಳೆ ಮಂಜಿನ ನಡುವೆ ಕೈಮರದಿಂದ ಮುಳ್ಳಯ್ಯನಗಿರಿಗೆ ಕಾರುಗಳ ಸಾಲೇ ಸಾಲು. ಕೊನೆಗೆ ಜಿಲ್ಲಾಡಳಿತ ಇಂಥ ಹೊತ್ತಿಗೆ ಇಷ್ಟೇ ವಾಹನ ಎಂದು ಮಿತಿ ಹಾಕಬೇಕಾಯಿತು. ಪ್ಲಾಸ್ಟಿಕ್ ಕಂಡು ಊರಿನವರು ರೇಗಿದರು, ರೇಗಿದ್ದು ಸರಿ. ಆದರೆ ಬೆಂಗಳೂರಿನಿಂದ ಇನ್ನೂರೈವತ್ತು ಕಿಲೋಮೀಟರು ಬಂದ ಆ ಮಕ್ಕಳು ಗಾಳಿಗೆ ಮುಖ ಒಡ್ಡಿ ನಿಂತದ್ದನ್ನು ನೋಡಿದ್ದೇನೆ. ಮನೆಯ ಪಕ್ಕದಲ್ಲಿ ನಡೆಯಲು ಒಂದು ಜಾಗವಿದ್ದಿದ್ದರೆ ಅವರಲ್ಲಿ ಅರ್ಧ ಜನ ಇಷ್ಟು ದೂರ ಬರುತ್ತಿರಲಿಲ್ಲ. ನಡೆಯುವ ಜಾಗ ಮನೆಯಿಂದ ನಡೆದುಹೋಗುವಷ್ಟು ಹತ್ತಿರ ಇರಬೇಕು.

2022ರ ಜನವರಿಯಲ್ಲಿ, ಕಾಫಿ ಕುಯ್ಲು ಮುಗಿಯುತ್ತಾ ಬಂದಾಗ, ತಮ್ಮ ಹಳ್ಳದಾಚೆಯ ತೋಟದವರ ಹತ್ತಿರ ಮಾತಾಡಿದ. ಅವರು ದೊಡ್ಡ ಮನಸ್ಸಿನವರು, ಎರಡನೆಯ ಮಾತು ಆಡಲಿಲ್ಲ. ಮುಳ್ಳುತಂತಿ ಎರಡಡಿ ಬಿಡಿಸಿ ಗೂಟ ನೆಟ್ಟರು. ಸೋಲಾರ್ ತಂತಿಗೆ ಪ್ಲಾಸ್ಟಿಕ್ ಹಿಡಿಯ ಕೊಕ್ಕೆ ಹಾಕಿದರು. ಹಗಲು ಬಿಚ್ಚಿ ದಾಟಬಹುದು, ಕತ್ತಲಿಗೆ ಮುಂಚೆ ಸಿಕ್ಕಿಸಿಬಿಡಬೇಕು. ಖರ್ಚಾದದ್ದು ಒಂದು ಮಧ್ಯಾಹ್ನದ ಕೆಲಸ. ಪಾಚಿ ಕೆರೆದು ನೋಡಿದರೆ ಹಳೆಯ ಮೆಟ್ಟುಗಲ್ಲು ಗಟ್ಟಿಯಾಗಿತ್ತು, ಅದನ್ನೇ ಇಟ್ಟುಕೊಂಡರು.

ತೋಟ ಇರುವವರಲ್ಲಿ ನನ್ನ ಕೋರಿಕೆ ಇಷ್ಟೇ. ಮುಂದಿನ ಸಲ ತಂತಿ ಎಳೆಸುವಾಗ, ಅಲ್ಲಿ ಹಿಂದೆ ಕಾಲುದಾರಿ ಇತ್ತೇ ಎಂದು ಊರಿನ ಹಿರಿಯರನ್ನೊಮ್ಮೆ ಕೇಳಿ. ಇದ್ದಿದ್ದರೆ ಒಂದು ತಡಬೆ ಬಿಡಿ. ನಮ್ಮ ಲೈನಿನ ಹೆಂಗಸರು ಈಗ ಆ ದಾರಿಯಲ್ಲೇ ಸಂತೆಗೆ ಹೋಗುತ್ತಾರೆ. ಡಾಂಬರು ರಸ್ತೆಗಿಂತ ಒಂದೂವರೆ ಕಿಲೋಮೀಟರು ಹತ್ತಿರ.